ಕ್ಯಾಲೊರಿ ತಗ್ಗಲಿ, ಪೋಷಣೆ ತಗ್ಗದಿರಲಿ

ಕಡೂರಿನ ಬಯಲಿನಲ್ಲಿ ರಾಗಿ ಮತ್ತು ತೆಂಗು, ತರೀಕೆರೆಯ ಕಡೆ ಅಡಿಕೆ ತೋಟ. ಅಜ್ಜಂಪುರವೆಂದರೆ ಅಮೃತಮಹಲ್ ರಾಸುಗಳ ನೆನಪು. ಆ ಎತ್ತುಗಳು ಎಳೆಯುತ್ತಿದ್ದ ನೇಗಿಲಿನ ಹಿಂದೆ ದಿನವಿಡೀ ನಡೆಯುತ್ತಿದ್ದ ರೈತನಿಗೆ ಎರಡು ಹೊತ್ತು ದೊಡ್ಡ ಮುದ್ದೆ ಬೇಕೇ ಬೇಕಿತ್ತು. ಇಂದು ಹೆಚ್ಚಿನ ಹೊಲಗಳನ್ನು ಉಳುವುದು ಟ್ರ್ಯಾಕ್ಟರ್. ನೀರೆತ್ತುವುದು ಮೋಟಾರು, ಊರಿಂದೂರಿಗೆ ಒಯ್ಯುವುದು ಬೈಕು. ದೇಹದ ದುಡಿಮೆ ಕಡಿಮೆಯಾಗಿದೆ, ತಟ್ಟೆಯಲ್ಲಿ ಅನ್ನ, ಎಣ್ಣೆ, ಸಿಹಿ ಹೆಚ್ಚಾಗಿವೆ. ಹಾಗಾಗಿ 'ಊಟ ಕಡಿಮೆ ಮಾಡಿ' ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಏನನ್ನು ಕಡಿಮೆ ಮಾಡಬೇಕು? ಎಷ್ಟು? ಯಾರು ಮಾಡಬಾರದು? ಇವುಗಳಿಗೆ ಉತ್ತರ ತಿಳಿಯದೆ ಊಟ ಬಿಟ್ಟರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಶಕ್ತಿಯ ಲೆಕ್ಕ

ಆಹಾರದಿಂದ ದೊರೆಯುವ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಆಡುಮಾತಿನಲ್ಲಿ ಇದನ್ನೇ 'ಕ್ಯಾಲೊರಿ' ಎನ್ನುವುದುಂಟು. ಒಂದು ಗ್ರಾಂ ಶರ್ಕರಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಸಿಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, 65 ಕಿ.ಗ್ರಾಂ ತೂಕದ ಗಂಡಸು ಕಠಿಣ ದುಡಿಮೆ ಮಾಡುತ್ತಿದ್ದರೆ ದಿನಕ್ಕೆ 3470 ಕಿಲೋಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವನಿಗೆ 2110 ಸಾಕು. ವ್ಯತ್ಯಾಸ 1360! ದುಡಿಮೆ ಕಡಿಮೆಯಾದರೂ ಊಟ ಮೊದಲಿನಷ್ಟೇ ಇದ್ದರೆ ಹೆಚ್ಚುವರಿ ಶಕ್ತಿ ಕೊಬ್ಬಾಗಿ ಶೇಖರವಾಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಿ. ದುಡಿಮೆ ಇಳಿದಾಗ ಶಕ್ತಿಯ ಅಗತ್ಯ ಇಳಿಯುತ್ತದೆಯೇ ಹೊರತು ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣಗಳ ಅಗತ್ಯ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅದೇ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಪ್ರೋಟೀನ್, 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೇ ಬೇಕು. ಅಂದರೆ ತಿನ್ನುವುದು ಕಡಿಮೆಯಾದಷ್ಟೂ ತಿನ್ನುವ ಪ್ರತಿ ತುತ್ತಿನಲ್ಲಿ ಪೋಷಕಾಂಶ ಹೆಚ್ಚಿರಬೇಕು.

ಪ್ರಯೋಗಗಳು ಹೇಳುವುದೇನು?

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇಲಿಗಳಿಗೆ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ಅವು ಹೆಚ್ಚು ಕಾಲ ಬದುಕಿದ್ದನ್ನು ವರದಿ ಮಾಡಿದರು. ಆ ಆಹಾರದಲ್ಲಿ ವಿಟಮಿನ್ ಮತ್ತು ಖನಿಜಗಳಿಗೆ ಕೊರತೆ ಆಗದಂತೆ ನೋಡಿಕೊಳ್ಳಲಾಗಿತ್ತು ಎಂಬುದೇ ಇಲ್ಲಿನ ತಿರುಳು.

ಪೋಷಣೆ ಕಾಯದೆ ಬರೀ ಕ್ಯಾಲೊರಿ ಕಡಿದರೆ? 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಸ್ವಯಂಸೇವಕರಿಗೆ 24 ವಾರ, ದಿನಕ್ಕೆ ಸುಮಾರು 1600 ಕಿಲೋಕ್ಯಾಲೊರಿಯಷ್ಟೇ ಆಹಾರ ಕೊಟ್ಟರು. ಅದರಲ್ಲಿ ಹೆಚ್ಚಿನದು ಬ್ರೆಡ್, ಆಲೂಗಡ್ಡೆ ಮತ್ತು ಗೆಡ್ಡೆಗಳು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಸದಾ ಚಳಿ, ನಿಶ್ಶಕ್ತಿ, ಖಿನ್ನತೆ, ಹಗಲಿರುಳೂ ಊಟದ್ದೇ ಯೋಚನೆ!

ನಮ್ಮ ನೆಲದ ಚರಿತ್ರೆಯಲ್ಲಿ ಇದಕ್ಕೆ ಸಮೀಪದ, ಇನ್ನೂ ಘೋರವಾದ ಉದಾಹರಣೆಯಿದೆ. 1876-78ರ ಮಹಾ ಬರಗಾಲದಲ್ಲಿ ಪಕ್ಕದ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮೈಮುರಿದು ದುಡಿಯುವ ಗಂಡಸಿಗೆ ದಿನಕ್ಕೆ 1 ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಕೊಂಚ ಚಿಲ್ಲರೆ ಕಾಸು ಸಾಕೆಂದು ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿ ಮಾಡಿದ. ಆ ಧಾನ್ಯದ ಶಕ್ತಿಯೂ ಸುಮಾರು 1600 ಕಿಲೋಕ್ಯಾಲೊರಿಯೇ. ಬರೀ ಧಾನ್ಯದಿಂದ ದೇಹ ನಿಲ್ಲದು ಎಂದು ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಲವಾಗಿ ವಿರೋಧಿಸಿದ. ಕಡೂರು, ತರೀಕೆರೆ, ಅಜ್ಜಂಪುರಗಳನ್ನೊಳಗೊಂಡ ಅಂದಿನ ಕಡೂರು ಜಿಲ್ಲೆ ಸೇರಿದ್ದ ಮೈಸೂರು ಸಂಸ್ಥಾನವೂ ಆ ಬರಕ್ಕೆ ತುತ್ತಾಯಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು.

ಹಾಗಾದರೆ ಮನುಷ್ಯರಿಗೆ ಮಿತಾಹಾರದಿಂದ ಪ್ರಯೋಜನವಿದೆಯೇ? ಅಮೆರಿಕದಲ್ಲಿ ಬೊಜ್ಜಿಲ್ಲದ 218 ವಯಸ್ಕರ ಮೇಲೆ ಎರಡು ವರ್ಷ ನಡೆದ 'ಕ್ಯಾಲರಿ' ಎಂಬ ಅಧ್ಯಯನದ ಮುಖ್ಯ ಫಲಿತಾಂಶಗಳು 2015ರಲ್ಲಿ ಪ್ರಕಟವಾದವು. ಶೇ. 25ರಷ್ಟು ಕಡಿತದ ಗುರಿ ಇತ್ತು. ಸಾಧ್ಯವಾದದ್ದು ಶೇ. 12ರಷ್ಟು ಮಾತ್ರ. ಅಷ್ಟರಿಂದಲೇ ತೂಕ ಸುಮಾರು ಶೇ. 10ರಷ್ಟು ಇಳಿಯಿತು, ರಕ್ತದೊತ್ತಡ ಮತ್ತು ಕೊಲೆಸ್ಟೆರಾಲ್ ಉತ್ತಮಗೊಂಡವು. ಜೊತೆಗೆ ಮೂಳೆಗಳ ಸಾಂದ್ರತೆ ಸ್ವಲ್ಪ ಇಳಿದದ್ದೂ ಕಂಡುಬಂತು. ಅವರಿಗೆ ವಿಟಮಿನ್ ಹಾಗೂ ಕ್ಯಾಲ್ಸಿಯಂ ಪೂರಕಗಳನ್ನು ಕೊಡಲಾಗಿತ್ತು, ವೈದ್ಯರ ನಿಗಾ ಇತ್ತು ಎಂಬುದನ್ನು ಮರೆಯಬಾರದು. ಮಿತಾಹಾರದಿಂದ ಮನುಷ್ಯರ ಆಯಸ್ಸು ಹೆಚ್ಚುತ್ತದೆ ಎಂಬುದು ಮಾತ್ರ ಇನ್ನೂ ಸಾಬೀತಾಗಿಲ್ಲ.

ಎರಡು ತಟ್ಟೆ, ಒಂದೇ ಕ್ಯಾಲೊರಿ

ಕುಳಿತು ಕೆಲಸ ಮಾಡುವ ಗಂಡಸಿನ 2110ರಲ್ಲಿ ಶೇ. 10 ಕಡಿದರೆ ಸುಮಾರು 1900 ಕಿಲೋಕ್ಯಾಲೊರಿ ಉಳಿಯುತ್ತದೆ. ಇದನ್ನು ಎರಡು ರೀತಿಯಲ್ಲಿ ತುಂಬಬಹುದು.

ಮೊದಲನೆಯದು: 400 ಗ್ರಾಂ ಅಕ್ಕಿ (1400), 40 ಗ್ರಾಂ ಎಣ್ಣೆ (360), ಕಾಫಿ-ಟೀಗೆ 35 ಗ್ರಾಂ ಸಕ್ಕರೆ (140). ಜೊತೆಗೆ ಬೇಳೆ ಕಾಣದ ತಿಳಿಸಾರು. ಇದರಲ್ಲಿ ಪ್ರೋಟೀನ್ ಸುಮಾರು 32 ಗ್ರಾಂ, ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ ಮಾತ್ರ.

ಎರಡನೆಯದು (ಎಲ್ಲವೂ ಬೇಯಿಸುವ ಮುನ್ನಿನ ತೂಕ, ಅಂದಾಜು ಕಿಲೋಕ್ಯಾಲೊರಿ):

ರಾಗಿ ಹಿಟ್ಟು 150 ಗ್ರಾಂ – 480
ಅಕ್ಕಿ 75 ಗ್ರಾಂ – 265
ಹುರುಳಿ, ಅವರೆ, ತೊಗರಿ ಮುಂತಾದ ಕಾಳು-ಬೇಳೆ 80 ಗ್ರಾಂ – 265
ಹಾಲು, ಮೊಸರು 400 ಮಿ.ಲೀ. – 290
ಸೊಪ್ಪು 100 ಗ್ರಾಂ, ತರಕಾರಿ 250 ಗ್ರಾಂ – 120
ಹಣ್ಣು 100 ಗ್ರಾಂ – 80
ಕಡಲೆಕಾಯಿ ಬೀಜ 20 ಗ್ರಾಂ – 105
ಎಣ್ಣೆ 20 ಗ್ರಾಂ – 180
ತೆಂಗಿನಕಾಯಿ ತುರಿ 15 ಗ್ರಾಂ – 60
ಬೆಲ್ಲ ಅಥವಾ ಸಕ್ಕರೆ 15 ಗ್ರಾಂ – 55

ಮೊತ್ತ ಇಲ್ಲಿಯೂ 1900. ಆದರೆ ಪ್ರೋಟೀನ್ ಸುಮಾರು 59 ಗ್ರಾಂ, ಕ್ಯಾಲ್ಸಿಯಂ 1000 ಮಿಲಿಗ್ರಾಂಗೂ ಹೆಚ್ಚು! ಇದಕ್ಕೆ ರಾಗಿಯೇ ದೊಡ್ಡ ಕಾರಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೂಕ ಇಳಿಸಲು ಮುದ್ದೆ-ಸೊಪ್ಪಿನ ಸಾರನ್ನು ಬಿಟ್ಟು ಬಿಸ್ಕತ್ತು-ಟೀಯಲ್ಲಿ ದಿನ ದೂಡುವುದು ಎಂಥ ತಪ್ಪು ಲೆಕ್ಕ, ನೋಡಿ.

ಕತ್ತರಿ ಬೀಳಬೇಕಾದದ್ದು ಎಣ್ಣೆ, ಸಕ್ಕರೆ, ಬೇಕರಿ ತಿಂಡಿ, ಹೆಚ್ಚುವರಿ ಅನ್ನಕ್ಕೆ. ತೆಂಗಿನ ಸೀಮೆಯವರು ಇನ್ನೊಂದನ್ನು ನೆನಪಿಡಬೇಕು. 50 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 200 ಕಿಲೋಕ್ಯಾಲೊರಿ ಇದೆ. ಅದನ್ನು ಬಿಡಬೇಕಿಲ್ಲ, ಅಳತೆ ಇದ್ದರೆ ಸಾಕು.

ಕಬ್ಬಿಣದ ಪ್ರಶ್ನೆ

ಹೆಂಗಸರಿಗೆ ಲೆಕ್ಕ ಇನ್ನಷ್ಟು ಬಿಗಿ. 55 ಕಿ.ಗ್ರಾಂ ತೂಕದ, ಕುಳಿತು ಕೆಲಸ ಮಾಡುವ ಮಹಿಳೆಗೆ ಶಕ್ತಿ 1660 ಕಿಲೋಕ್ಯಾಲೊರಿ ಸಾಕು, ಕಬ್ಬಿಣ ಮಾತ್ರ ದಿನಕ್ಕೆ 29 ಮಿಲಿಗ್ರಾಂ ಬೇಕು. ಮೇಲಿನ ಒಳ್ಳೆಯ ತಟ್ಟೆಯಲ್ಲೂ ಅದು 20 ಮಿಲಿಗ್ರಾಂ ದಾಟುವುದು ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸುಮಾರು 10ರಲ್ಲಿ 3 ಮಂದಿಗೆ ತೂಕ ಹೆಚ್ಚು. ತೂಕ ಹೆಚ್ಚಿರುವವರಲ್ಲೇ ರಕ್ತ ಕಡಿಮೆ ಇರಬಹುದು. ಆದ್ದರಿಂದ ಊಟ ಕಡಿಮೆ ಮಾಡುವ ಮುನ್ನ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

ಕಾಳನ್ನು ಮೊಳಕೆ ಕಟ್ಟಿ ಬಳಸಿ. ಊಟದೊಂದಿಗೆ ನಿಂಬೆರಸ ಅಥವಾ ನೆಲ್ಲಿಕಾಯಿ ಇರಲಿ. ಇವೆರಡೂ ದೇಹ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತವೆ. ಊಟದ ಜೊತೆಗಿನ ಕಾಫಿ, ಟೀ ಅದನ್ನು ತಡೆಯುತ್ತವೆ. ಬಿ12 ವಿಟಮಿನ್ ಸಸ್ಯಾಹಾರದಲ್ಲಿ ಬರುವುದು ಹಾಲು-ಮೊಸರಿನಿಂದ. ಅವನ್ನು ಬಿಡಬೇಡಿ.

ಯಾರು ಮಾಡಬಾರದು?

ಬೆಳೆಯುತ್ತಿರುವ ಮಕ್ಕಳು ಮತ್ತು ಹದಿಹರೆಯದವರು, ಗರ್ಭಿಣಿಯರು, ಎದೆಹಾಲು ಉಣಿಸುವವರು ಆಹಾರ ಕಡಿತಕ್ಕೆ ಕೈಹಾಕಬಾರದು. ತೂಕವನ್ನು (ಕಿ.ಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ 18.5ಕ್ಕಿಂತ ಕಡಿಮೆ ಬಂದವರಿಗೂ ಇದು ಸಲ್ಲದು. ಭಾರತೀಯರಲ್ಲಿ ಈ ಸಂಖ್ಯೆ 23 ದಾಟಿದರೆ ತೂಕ ಹೆಚ್ಚು ಎಂದರ್ಥ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರೂ ಮೂತ್ರಪಿಂಡದ ತೊಂದರೆ ಇರುವವರೂ ವೃದ್ಧರೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಅಡಿಕೆ ಕೊಯ್ಲು, ರಾಗಿ ಕಟಾವಿನಂಥ ಕಠಿಣ ದುಡಿಮೆಯ ದಿನಗಳಲ್ಲಿ ಯಾರಿಗೂ ಕಡಿತ ಬೇಡ.

ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ತೂಕ ಇಳಿಸಬೇಡಿ. ತಲೆಸುತ್ತು, ಸದಾ ಚಳಿ, ಕೂದಲು ಉದುರುವಿಕೆ, ಮುಟ್ಟಿನ ಏರುಪೇರು ಕಂಡರೆ ಕೂಡಲೇ ಮೊದಲಿನ ಊಟಕ್ಕೆ ಮರಳಿ, ವೈದ್ಯರನ್ನು ಕಾಣಿ. ದಿನವೂ ನಡಿಗೆ ಅಥವಾ ತೋಟದ ಕೆಲಸ ಇರಲಿ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರೇ, ಒಂದು ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು, ಒಗ್ಗರಣೆಗೆ ಎಷ್ಟು ಎಣ್ಣೆ ಬಳಸುತ್ತಾರೆಂದು ಮನೆಯಲ್ಲಿ ತೂಗಿ ಬರೆದುಕೊಂಡು ಬರಲು ವಿದ್ಯಾರ್ಥಿಗಳಿಗೆ ಹೇಳಿ. ಮೇಲಿನ ಪಟ್ಟಿಯಿಂದ ಒಂದು ದಿನದ ಮೊತ್ತ ಕಂಡುಹಿಡಿಯಲಿ. ಮಕ್ಕಳನ್ನು ಎಲ್ಲರೆದುರು ತೂಗುವುದು ಮಾತ್ರ ಬೇಡ. ತೂಕದ ಗೇಲಿಗೆ ಹೆದರಿ ಬೆಳಗಿನ ತಿಂಡಿ ಬಿಡುವ ಹುಡುಗಿ ನಿಮ್ಮ ತರಗತಿಯಲ್ಲೇ ಇರಬಹುದು. ಅವಳು ಕಡಿಮೆ ತಿನ್ನಬೇಕಾಗಿಲ್ಲ, ಸರಿಯಾಗಿ ತಿನ್ನಬೇಕು ಎಂದು ಈ ಲೆಕ್ಕದಿಂದಲೇ ಅವಳಿಗೆ ತೋರಿಸಿಕೊಡಿ.