ಕಂದನ ಜ್ವರಕ್ಕೆ ರಕ್ತದ ಸಾಕ್ಷಿ

ಎರಡು ತಿಂಗಳೂ ತುಂಬದ ಕೂಸಿಗೆ ಜ್ವರ. ಕೆಮ್ಮಿಲ್ಲ, ನೆಗಡಿಯಿಲ್ಲ, ಕಿವಿ-ಗಂಟಲಿನಲ್ಲಿ ದೋಷ ಕಾಣುವುದಿಲ್ಲ, ಮೈ ಮಾತ್ರ ಕೆಂಡ. ಇಂಥ ಜ್ವರಗಳಲ್ಲಿ ಬಹುಪಾಲು ವೈರಸ್ಸಿನವು, ತಾವಾಗಿಯೇ ಇಳಿಯುವಂಥವು. ಆದರೆ ಸುಮಾರು ಹತ್ತರಲ್ಲೊಂದು ಕೂಸಿಗೆ ಮೂತ್ರದಲ್ಲೋ ರಕ್ತದಲ್ಲೋ ಮಿದುಳಿನ ಪೊರೆಯಲ್ಲೋ ಬ್ಯಾಕ್ಟೀರಿಯಾ ಸೇರಿರುತ್ತದೆ, ಅದನ್ನು ಬಿಟ್ಟರೆ ಜೀವಕ್ಕೇ ಸಂಚಕಾರ. ಹಾಗಾಗಿ ರಕ್ತ ತೆಗೆ, ಮೂತ್ರ ತೆಗೆ, ಬೆನ್ನುಹುರಿಯ ದ್ರವ ತೆಗೆ, ಕಲ್ಚರ್ ವರದಿ ಬರುವವರೆಗೆ ಒಂದೆರಡು ದಿನ ಆಂಟಿಬಯಾಟಿಕ್ ಹನಿಸು ಎಂಬುದು ದಶಕಗಳಿಂದ ನಡೆದುಬಂದ ಕ್ರಮ. ಹಸುಗೂಸಿನಿಂದ ಸಿಗುವುದು ಒಂದೆರಡು ಮಿಲಿಲೀಟರ್ ರಕ್ತ. ಮೊದಲೇ ಒಂದು ಡೋಸ್ ಔಷಧಿ ಬಿದ್ದಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಇರಬಹುದು. ಒಂಬತ್ತು ಮಕ್ಕಳಿಗೆ ಬೇಡದ ಸೂಜಿ ಚುಚ್ಚದೆ ಹತ್ತನೆಯದನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬಹುಕಾಲ ತಪ್ಪು ಕಡೆ ನೋಡುತ್ತಿದ್ದರು, ರೋಗಾಣುವನ್ನೇ ಹಿಡಿಯಬೇಕೆಂಬ ಹಟದಲ್ಲಿ ರಕ್ತ ಆಗಲೇ ಕೊಡುತ್ತಿದ್ದ ಸಾಕ್ಷಿಯನ್ನು ಅರ್ಧಂಬರ್ಧ ಕೇಳಿಸಿಕೊಂಡರು ಎಂಬುದು ನನ್ನ ವಾದ.

ಹಟಕ್ಕೆ ಕಾರಣವಿತ್ತು. ರೋಗಾಣುವಿನ ಜೀನ್ ತುಣುಕನ್ನು ಹುಡುಕುವ ಪಿಸಿಆರ್ ಪರೀಕ್ಷೆ ಬಂದ ಮೇಲೆ ಗೊತ್ತಿರುವ ವೈರಸ್ಸುಗಳನ್ನು ಕೆಲವೇ ಗಂಟೆಗಳಲ್ಲಿ ಪತ್ತೆ ಮಾಡಬಹುದಾಯಿತು. ವೈರಸ್ ಸಿಕ್ಕರೆ ಜ್ವರದ ಗುಟ್ಟು ರಟ್ಟಾದಂತೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರೆಗರಿ ಸ್ಟಾರ್ಚ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಕಾರಣ ಗೊತ್ತಾಗದ ಜ್ವರವಿದ್ದ ಮಕ್ಕಳಲ್ಲಿ ಶೇ 76ರಷ್ಟು ಮಂದಿಗೆ ಒಂದಲ್ಲ ಒಂದು ವೈರಸ್ ಇತ್ತು, ಅದು ನಿರೀಕ್ಷಿತವೇ. ಆದರೆ ಬ್ಯಾಕ್ಟೀರಿಯಾ ಸೋಂಕಿದ್ದವರಲ್ಲೂ ಶೇ 40ರಷ್ಟು ಮಂದಿಗೆ ವೈರಸ್ ಸಿಕ್ಕಿತು. ಜ್ವರವೇ ಇಲ್ಲದ ಮಕ್ಕಳಲ್ಲಿ ಶೇ 35ರಷ್ಟು ಮಂದಿಗೂ ಸಿಕ್ಕಿತು! ಜ್ವರದ ಸುಳಿವೂ ಇಲ್ಲದ ಮೂವರಲ್ಲೊಬ್ಬ ಮಗುವಿನ ಮೈಯಲ್ಲಿ ವೈರಸ್ ಇದೆ ಎಂದಾದರೆ, ಜ್ವರ ಬಂದ ಮಗುವಿನಲ್ಲಿ ಅದೇ ವೈರಸ್ ಕಂಡಾಗ ಏನೆಂದು ತೀರ್ಮಾನಿಸುವುದು? ಹ್ಯೂಮನ್ ಹರ್ಪಿಸ್‌ವೈರಸ್-6ರದು ಇನ್ನೂ ವಿಚಿತ್ರ. ಮೂರು ದಿನ ಸುಡುವ ಜ್ವರ ತಂದು, ಜ್ವರ ಬಿಡುವಾಗ ಮೈತುಂಬ ದದ್ದು ಏಳಿಸುವ ವೈರಸ್ ಇದು. ಸುಮಾರು ನೂರರಲ್ಲಿ ಒಬ್ಬರು ಇದರ ಡಿಎನ್‌ಎಯನ್ನು ತಂದೆ ಅಥವಾ ತಾಯಿಯ ಕ್ರೋಮೊಸೋಮಿನೊಂದಿಗೇ ಪಡೆದು ಹುಟ್ಟುತ್ತಾರೆ. ಅಂಥವರ ರಕ್ತವನ್ನು ಯಾವತ್ತು ಪರೀಕ್ಷಿಸಿದರೂ ವೈರಸ್ಸಿನ ಡಿಎನ್‌ಎ ಇದೆ ಎಂದೇ ವರದಿ ಬರುತ್ತದೆ.

ಇನ್ನೊಂದು ದಾರಿ, ಅಂದರೆ ಆಕ್ರಮಣಕ್ಕೆ ದೇಹ ಕೊಡುವ ಉತ್ತರವನ್ನು ಓದುವುದು, ಇದಕ್ಕಿಂತ ಹಳೆಯದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಒಂದು ವಸ್ತುವೇ ಇಂದು ಊರೂರಿನ ಲ್ಯಾಬುಗಳಲ್ಲಿ ಅಳೆಯುವ ಸಿಆರ್‌ಪಿ. 1993ರಲ್ಲಿ ಪ್ಯಾರಿಸ್ಸಿನ ಸಂಶೋಧಕರು 79 ಮಕ್ಕಳ ರಕ್ತ ಪರೀಕ್ಷಿಸಿ, ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ವಸ್ತುವಿನ ಮಟ್ಟ ಜಿಗಿಯುತ್ತದೆಂದು ತೋರಿಸಿದರು. ಎರಡೂ ಉಪಯುಕ್ತವೇ, ಆದರೆ ಎರಡೂ ಬ್ಯಾಕ್ಟೀರಿಯಾ ಪಕ್ಷದ ಸಾಕ್ಷಿಗಳು. ಮಟ್ಟ ಕಡಿಮೆಯಿದ್ದರೆ ಬ್ಯಾಕ್ಟೀರಿಯಾ ಇರಲಿಕ್ಕಿಲ್ಲ ಎನ್ನಬಹುದೇ ಹೊರತು, ವೈರಸ್ ಇದೆ ಎಂದು ಅವು ಹೇಳಲಾರವು. ಅಡಿನೊವೈರಸ್ ಅಂತೂ ಸಿಆರ್‌ಪಿಯನ್ನೂ ಬಿಳಿರಕ್ತಕಣಗಳನ್ನೂ ಏರಿಸಿ ವೈದ್ಯರನ್ನು ದಿಕ್ಕು ತಪ್ಪಿಸುವುದರಲ್ಲಿ ನಿಸ್ಸೀಮ.

ವೈರಸ್ ಪಕ್ಷದ ಸಾಕ್ಷಿಯೂ ಸಿದ್ಧವಾಗಿತ್ತು, ಕರೆಯುವವರಿರಲಿಲ್ಲ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್, ವೈರಸ್ ತಾಗಿದ ಜೀವಕೋಶಗಳು ನೆರೆಯ ಕೋಶಗಳನ್ನು ಎಚ್ಚರಿಸಲು ಹೊರಬಿಡುವ ವಸ್ತುವನ್ನು ಕಂಡುಹಿಡಿದು ಇಂಟರ್‌ಫೆರಾನ್ ಎಂದು ಕರೆದರು. ಅದೇ ಲಿಂಡೆನ್‌ಮನ್ 1962ರಲ್ಲಿ ಫ್ಲೂಗೆ ಜಗ್ಗದ ಒಂದು ಇಲಿ ತಳಿಯನ್ನು ವರದಿ ಮಾಡಿದರು. ಅದರ ಹಿಂದಿದ್ದ ಎಂಎಕ್ಸ್ ಜೀನ್ ಇಂಟರ್‌ಫೆರಾನಿನ ಕರೆಗೆ ಎಚ್ಚರಗೊಳ್ಳುವಂಥದ್ದೆಂದು ಆಮೇಲೆ ತಿಳಿಯಿತು. ಎಚ್ಚರಿಕೆ ತಲುಪಿದೊಡನೆ ಬಿಳಿರಕ್ತಕಣಗಳಲ್ಲಿ ಇಂಥ ನೂರಾರು ಜೀನುಗಳು ಒಟ್ಟಿಗೆ ಚಾಲೂ ಆಗುತ್ತವೆ. ಅವೆಲ್ಲವನ್ನೂ ಒಂದೇ ಸಲ ಅಳೆಯುವ ಮೈಕ್ರೊಅರೇ ತಂತ್ರ ಬಂದ ಮೇಲೆ ಸ್ಟಾರ್ಚ್ ತಂಡ 2013ರಲ್ಲಿ ಜ್ವರದ 30 ಮಕ್ಕಳನ್ನೂ ಜ್ವರವಿಲ್ಲದ 22 ಮಕ್ಕಳನ್ನೂ ಹೋಲಿಸಿತು. ವೈರಸ್ಸಿನ ಜ್ವರ ಬ್ಯಾಕ್ಟೀರಿಯಾದ ಜ್ವರಕ್ಕಿಂತ ಬೇರೆಯಾಗಿ ಕಂಡಿತು. ಅದಕ್ಕಿಂತ ಮುಖ್ಯವಾಗಿ, ಅದೇ ವೈರಸ್ಸುಗಳನ್ನು ಸುಮ್ಮನೆ ಹೊತ್ತು ತಿರುಗುತ್ತಿದ್ದ ಜ್ವರವಿಲ್ಲದ ಮಕ್ಕಳಿಗಿಂತಲೂ ಬೇರೆಯಾಗಿ ಕಂಡಿತು. ಪಿಸಿಆರ್‌ಗೆ ಬಿಡಿಸಲಾಗದ ಗಂಟು ಅಲ್ಲಿ ಸಡಿಲವಾಯಿತು.

ಹಸುಗೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ, ಅದು ಇಷ್ಟು ಸ್ಪಷ್ಟವಾಗಿ ಹೇಳೀತೇ ಎಂಬ ಅನುಮಾನ ಸಹಜ. 2016ರಲ್ಲಿ ಅಮೆರಿಕದ 22 ತುರ್ತುಚಿಕಿತ್ಸಾ ವಿಭಾಗಗಳಿಂದ ಬಂದ, 60 ದಿನ ಮೀರದ ಕೂಸುಗಳ ಅಧ್ಯಯನ ಇದಕ್ಕೆ ಉತ್ತರವಾಯಿತು. 66 ಜೀನುಗಳ ಗುರುತು ಬ್ಯಾಕ್ಟೀರಿಯಾ ಇದ್ದವರಲ್ಲಿ ಶೇ 87ರಷ್ಟು ಮಂದಿಯನ್ನು ಹಿಡಿದುಕೊಟ್ಟಿತು. ಭರವಸೆ ಮೂಡಿಸುವ ಫಲಿತಾಂಶ, ಆದರೆ ಕೈಬಿಟ್ಟುಹೋದ ಶೇ 13 ಕಡಿಮೆಯೇನಲ್ಲ. ಅದೇ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಲೆವಿನ್, ಜೆತ್ರೊ ಹರ್ಬರ್ಗ್ ಮತ್ತಿತರರು, ವಯಸ್ಸಿನಲ್ಲಿ ತುಸು ದೊಡ್ಡ ಮಕ್ಕಳೇ ಹೆಚ್ಚಾಗಿದ್ದ ಗುಂಪಿನಲ್ಲಿ, 38 ಜೀನುಗಳ ಪಟ್ಟಿಯನ್ನು ಕೇವಲ ಎರಡಕ್ಕೆ ಇಳಿಸಿದರು. ಒಂದು ವೈರಸ್ ಬಂದಾಗ ಏರುವ ಐಎಫ್‌ಐ44ಎಲ್, ಇನ್ನೊಂದು ಬ್ಯಾಕ್ಟೀರಿಯಾ ಬಂದಾಗ ಏರುವ ಎಫ್‌ಎಎಂ89ಎ.

ಅನುಭವಿ ಮಕ್ಕಳ ವೈದ್ಯರ ಕಣ್ಣೇ ಸಾಕು, ಇಷ್ಟೆಲ್ಲ ಏಕೆ ಎನ್ನುವವರಿಗೆ ಇದೇ ಅಧ್ಯಯನದಲ್ಲಿ ಉತ್ತರವಿದೆ. ಸೋಂಕು ಯಾವುದೆಂದು ಕೊನೆಗೂ ಖಚಿತವಾಗದ 136 ಮಕ್ಕಳಲ್ಲಿ 129 ಮಂದಿಗೆ ಆಂಟಿಬಯಾಟಿಕ್ ಸಿಕ್ಕಿತ್ತು. ಎರಡು ಜೀನುಗಳ ಪರೀಕ್ಷೆ ಬ್ಯಾಕ್ಟೀರಿಯಾ ಎಂದದ್ದು 63 ಮಂದಿಗೆ ಮಾತ್ರ. ಅಂದರೆ ಕಣ್ಣು ಕಾಣಲಿಲ್ಲ ಎಂದಲ್ಲ, ಸಂಶಯ ಬಂದಾಗ ಅದು ಔಷಧಿ ಚೀಟಿಯ ಕಡೆಗೇ ವಾಲುತ್ತದೆ. ಆದರೆ ಇಲ್ಲೇ ಒಂದು ಗಟ್ಟಿ ಆಕ್ಷೇಪವೂ ಹುಟ್ಟುತ್ತದೆ. ಈ ಪರೀಕ್ಷೆಗಳ ನಿಖರತೆಯನ್ನು ಅಳೆದದ್ದು ರೋಗ ಖಚಿತವಾಗಿದ್ದ ಮಕ್ಕಳಲ್ಲಿ, ಪರೀಕ್ಷೆ ಬೇಕಿರುವುದು ಖಚಿತವಾಗದವರಿಗೆ. ಆ 129 ಮಂದಿಯಲ್ಲಿ ವೈದ್ಯರು ಸರಿಯೋ ಜೀನು ಸರಿಯೋ ಎಂದು ತೀರ್ಪು ಕೊಡಲು ಮೂರನೆಯವರಿಲ್ಲ. ಫಲಿತಾಂಶವನ್ನು ನಂಬಿ ಔಷಧಿ ತಡೆಹಿಡಿದಾಗ ಮಕ್ಕಳು ಕ್ಷೇಮವಾಗಿದ್ದಾರೆಯೇ ಎಂದು ನೋಡುವ ಪ್ರಯೋಗಗಳಿಂದ ಮಾತ್ರ ಇದು ಇತ್ಯರ್ಥವಾಗಬೇಕು. ಫ್ಲೂ ಬೆನ್ನಿಗೇ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಬರುವ ಜೋಡಿ ಸೋಂಕಿನ ವಿಷಯದಲ್ಲೂ ನಾನು ಆಕ್ಷೇಪದವರ ಪಕ್ಷ. ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬ ಪ್ರಶ್ನೆಯೇ ಅಲ್ಲಿ ಸುಳ್ಳು. ಬ್ಯಾಕ್ಟೀರಿಯಾಕ್ಕೆ ದೇಹ ಉತ್ತರ ಕೊಡುತ್ತಿದೆಯೇ ಎಂದಷ್ಟೇ ಕೇಳಬೇಕು.

ಜೀನುಗಳ ಬದಲು ಪ್ರೋಟೀನುಗಳನ್ನು ಅಳೆದರೆ ಕೆಲಸ ಬೇಗ. ಇಸ್ರೇಲಿನ ಮೀಮೆಡ್ ಕಂಪನಿಯ ಪರೀಕ್ಷೆ ಟ್ರೇಲ್, ಐಪಿ-10 ಎಂಬ ಎರಡು ಪ್ರೋಟೀನುಗಳನ್ನೂ ಹಳೆಯ ಸಿಆರ್‌ಪಿಯನ್ನೂ ಒಟ್ಟಿಗೆ ಅಳೆದು ಸುಮಾರು 15 ನಿಮಿಷದಲ್ಲಿ ಅಂಕ ಕೊಡುತ್ತದೆ. ಇದಕ್ಕೆ 2021ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕಿತು.

ಈ ಪರೀಕ್ಷೆಗಳೆಲ್ಲ ಹುಟ್ಟಿದ್ದು ಯುರೋಪ್, ಅಮೆರಿಕ, ಇಸ್ರೇಲುಗಳ ಜ್ವರಗಳ ನಡುವೆ. ಟೈಫಾಯಿಡ್, ಸ್ಕ್ರಬ್ ಟೈಫಸ್‌ನ ಬ್ಯಾಕ್ಟೀರಿಯಾಗಳು ಜೀವಕೋಶದೊಳಗೇ ಅಡಗಿ ಇಂಟರ್‌ಫೆರಾನನ್ನೂ ಕೆಣಕುತ್ತವೆ, ಆಗ ಹಲವು ಪರೀಕ್ಷೆಗಳು ಅವನ್ನು ವೈರಸ್ ಎಂದು ಭಾವಿಸುವ ಅಪಾಯವಿದೆ. ಸ್ಟ್ಯಾನ್‌ಫರ್ಡ್‌ನ ಪೂರ್ವೇಶ್ ಖತ್ರಿ ತಂಡ 2022ರಲ್ಲಿ ಎಂಟು ಜೀನುಗಳ ಗುರುತೊಂದನ್ನು ಕಟ್ಟಿ, ನೇಪಾಳ ಮತ್ತು ಲಾವೋಸ್‌ನ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದು ಈ ಕೊರತೆ ನೀಗಿಸಲೆಂದೇ. ಕರ್ನಾಟಕದಲ್ಲಿ 2024ರ ಜುಲೈಯಲ್ಲಿ ಡೆಂಗಿ ಹಬ್ಬಿದಾಗ ಸರ್ಕಾರ ಡೆಂಗಿ ಪರೀಕ್ಷೆಗಳಿಗೆ ದರ ಮಿತಿ ಹಾಕಿತು. ಅದು ಬೇಕಾಗಿತ್ತು. ಆದರೆ ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂದ ಮಗುವಿನ ಜ್ವರ ಏನೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಂಥ ಮಗುವಿಗೆ ದೇಹದ ಉತ್ತರವನ್ನು ಓದುವ ಹೊಸ ಪರೀಕ್ಷೆ ನೆರವಾಗಬೇಕಾದರೆ ಅದನ್ನು ಮೊದಲು ಒರೆಗೆ ಹಚ್ಚಬೇಕಾದದ್ದು ಮಳೆಗಾಲದ ನಮ್ಮ ಮಕ್ಕಳ ವಾರ್ಡುಗಳಲ್ಲಿ, ಡೆಂಗಿ, ಟೈಫಾಯಿಡ್, ಸ್ಕ್ರಬ್ ಟೈಫಸ್ ಮೂರೂ ಅಕ್ಕಪಕ್ಕದ ಮಂಚಗಳಲ್ಲಿ ಇರುವಾಗ.