ರಾಜನ ಮುಖ ಮರಸೇಬಾದಾಗ

ಬಸವೇಶ್ವರನಗರದ ಕೇಳುಗರೊಬ್ಬರ ಪ್ರಶ್ನೆ: ‘ರಾಜಕಾರಣಿಯ ಕಾರ್ಟೂನ್ ಗ್ರೂಪ್‌ಗೆ ಫಾರ್ವರ್ಡ್ ಮಾಡಿದ್ರೆ ಪೊಲೀಸ್ರು ಮನೆಗೆ ಬರ್ತಾರಾ?’ ಉತ್ತರಕ್ಕೆ ಮೊದಲು 1831ರ ಪ್ಯಾರಿಸ್‌ಗೆ ಹೋಗಿ ಬರೋಣ.

ಫ್ರಾನ್ಸ್‌ನ ದೊರೆ ಲೂಯಿ ಫಿಲಿಪ್‌ಗೆ ಜೋತುಬಿದ್ದ ದಪ್ಪ ಕೆನ್ನೆ, ಮೇಲೊಂದು ಜುಟ್ಟು. ಅವನನ್ನು ಅವಮಾನಿಸಿದ್ದಕ್ಕೆ ‘ಲಾ ಕ್ಯಾರಿಕೇಚರ್’ ಪತ್ರಿಕೆಯ ಶಾರ್ಲ್ ಫಿಲಿಪೋನ್ ಮೇಲೆ ಕೇಸು ಬಿತ್ತು. ಆತ ಕೋರ್ಟಿನಲ್ಲೇ ನಾಲ್ಕು ಚಿತ್ರ ಬರೆದ. ಮೊದಲನೆಯದು ದೊರೆಯ ಮುಖ, ಕೊನೆಯದು ಪಿಯರ್ ಹಣ್ಣು. (ಪೇರಲೆ ಅಲ್ಲ ಮತ್ತೆ! ನಮ್ಮ ಹಣ್ಣಿನಂಗಡೀಲಿ ಮರಸೇಬು ಅಂತಾರಲ್ಲ, ಅದು.) ಹೋಲಿಕೆಯೇ ಅಪರಾಧ ಅನ್ನೋದಾದ್ರೆ ಹಣ್ಣಿಗೂ ಶಿಕ್ಷೆ ಕೊಡಿ ಅನ್ನೋದು ಅವನ ವಾದ. ಫ್ರೆಂಚ್ ಆಡುಮಾತಲ್ಲಿ ಆ ಹಣ್ಣಿನ ಹೆಸರಿಗೆ ಪೆದ್ದ ಅನ್ನೋ ಅರ್ಥವೂ ಇದೆ. ವಾದ ಗೆಲ್ಲಲಿಲ್ಲ, 6 ತಿಂಗಳು ಜೈಲಾಯ್ತು. ಆದ್ರೆ ಊರ ಗೋಡೆಗಳ ಮೇಲೆಲ್ಲ ಜನ ಮರಸೇಬು ಗೀಚಿದ್ರು. ಆ ಕಾಲದ ಮೀಮ್ ಅನ್ನಿ.

ಬಡವರ ನಾಣ್ಯ ನುಂಗುವ ದೈತ್ಯನಾಗಿ ದೊರೆಯನ್ನು ಬರೆದ ಒನೊರೆ ದೋಮಿಯೆಗೂ 6 ತಿಂಗಳ ಶಿಕ್ಷೆ. 1835ರಲ್ಲಿ ಹೊಸ ಕಾನೂನು ಬಂತು: ಚಿತ್ರ ಅಚ್ಚು ಹಾಕಲು ಸರ್ಕಾರದ ಪೂರ್ವಾನುಮತಿ ಬೇಕು, ಬರಹಕ್ಕೆ ಬೇಡ. ಬರಹ ಬರೀ ಅಭಿಪ್ರಾಯ, ಚಿತ್ರ ಕೃತ್ಯ ಅನ್ನೋದು ಸರ್ಕಾರದ ಸಮರ್ಥನೆ. ನಿಜವಾದ ಭಯ ಬೇರೆ ಇತ್ತು ಅನ್ನಿಸುತ್ತೆ ನನಗೆ. ಅಕ್ಷರ ಬಾರದವರಿಗೂ ಚಿತ್ರ ಅರ್ಥ ಆಗ್ತಿತ್ತಲ್ಲ!

ನಮ್ಮಲ್ಲಿ ವೈದ್ಯ ರಾಶಿ ಅವರು 1942ರಲ್ಲಿ ‘ಕೊರವಂಜಿ’ ಶುರುಮಾಡಿದ್ರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೀತಿದ್ರು. ಮುಂದೆ ಅವರೇ ಸೃಷ್ಟಿಸಿದ ‘ಶ್ರೀಸಾಮಾನ್ಯ’ ಚೌಕಳಿ ಕೋಟು ಹಾಕ್ಕೊಂಡು ಮೂಲೇಲಿ ನಿಂತು ಎಲ್ಲ ನೋಡ್ತಾನೆ, ಬಾಯಿ ಮಾತ್ರ ಬಿಡಲ್ಲ. ಫ್ರೆಂಚರು ದೊರೆಯ ಮುಖ ಹಿಡಿದ್ರೆ, ಇವರು ದೊರೆಯನ್ನು ನೋಡುವವನ ಮುಖ ಹಿಡಿದ್ರು. ನನಗೆ ಇದೇ ಹೆಚ್ಚು ಚುರುಕು ಅನ್ನಿಸುತ್ತೆ.

ಈಗ ಪ್ರಶ್ನೆಗೆ ಬರ್ತೀನಿ. 2012ರಲ್ಲಿ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕುರಿತ ಕಾರ್ಟೂನನ್ನು ಇಮೇಲ್‌ನಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರು ಬಂಧನಕ್ಕೊಳಗಾದ್ರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡ್ತು. ಅವರು ಕೇಸಿನಿಂದ ಪೂರ್ತಿ ಬಿಡುಗಡೆಯಾಗಿದ್ದು 2023ರಲ್ಲಿ. ಅಂದ್ರೆ, ನಾಯಕರನ್ನು ಗೇಲಿ ಮಾಡೋದೇ ಅಪರಾಧ ಅಲ್ಲ. ಮಾನನಷ್ಟ, ದ್ವೇಷ ಹರಡುವಿಕೆಯ ಕಲಮುಗಳು ಮಾತ್ರ ಈಗಲೂ ಇವೆ. ಕೇಸು ಬಿದ್ರೆ, ಗೆಲ್ಲೋರೂ ವರ್ಷಗಟ್ಟಲೆ ಅಲೀಬೇಕು.

ಮೂಲ ಚಿತ್ರಗಳನ್ನು ನೋಡೋ ಆಸೆ ಇದ್ರೆ ಟ್ರಿನಿಟಿ ಸರ್ಕಲ್ ಹತ್ತಿರ, 2007ರಲ್ಲಿ ಶುರುವಾದ ಕಾರ್ಟೂನ್ ಗ್ಯಾಲರಿ ಇದೆ. ಕೆಂಗೇರಿ, ವಿಜಯನಗರದವರಿಗೆ ನೇರಳೆ ಮಾರ್ಗದಲ್ಲಿ ಒಂದೇ ರೈಲು. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.