ನಾಲಿಗೆಗಿಂತ ಮೊದಲೇ ಬರುವ ‘ಛೀ’

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಮಾಡುವ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಇರುವೆಯನ್ನು ಅರೆದು ತಿನ್ನುತ್ತಾರೆಂದು ಕೇಳಿದೊಡನೆ ಮುಖ ಕಿವುಚುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಅದೇ ಇರುವೆಯ ಚಟ್ನಿ ನಮ್ಮ ಮಲೆನಾಡಿನಲ್ಲೂ ಇದೆ. ಚಗಳಿ ಚಟ್ನಿ ಎಂದರೆ ಅಲ್ಲಿ ಬಾಯಲ್ಲಿ ನೀರೂರಿಸಿಕೊಳ್ಳುವವರಿದ್ದಾರೆ. ಈ ಇರುವೆಗಳು ಮಾವು, ಹಲಸಿನ ಮರದ ಹಸಿರೆಲೆಗಳನ್ನು ಬಾಗಿಸಿ ಹಿಡಿದು, ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಆ ಮರಿಗಳು ಬಿಡುವ ರೇಷ್ಮೆ ಎಳೆಯಿಂದ ಎಲೆಗೆ ಎಲೆ ಹೊಲಿದು ಗೂಡು ಕಟ್ಟುತ್ತವೆ. ಗೂಡನ್ನು ಕೊಯ್ದು, ಇರುವೆಯನ್ನೂ ಮೊಟ್ಟೆಯನ್ನೂ ಉಪ್ಪು, ಮೆಣಸು, ಬೆಳ್ಳುಳ್ಳಿಯ ಜೊತೆ ಅರೆದರೆ ಚಟ್ನಿ ಸಿದ್ಧ. ಅದಕ್ಕೆ ಹುಣಸೆಹಣ್ಣು ಬೇಕಾಗಿಲ್ಲ. ಶತ್ರುಗಳ ಮೇಲೆ ಚಿಮ್ಮಲೆಂದು ಇರುವೆ ತನ್ನ ಮೈಯಲ್ಲಿ ಇಟ್ಟುಕೊಂಡ ಫಾರ್ಮಿಕ್ ಆಮ್ಲವೇ ಚಟ್ನಿಗೆ ಹುಳಿ ಕೊಡುತ್ತದೆ. ಹೀಗೆ ನಾಲಿಗೆಯ ಮಟ್ಟಿಗೆ ಇದು ಹುಳಿ, ಖಾರ, ಉಪ್ಪು ಕೂಡಿದ ಚಟ್ನಿಯೇ. ‘ಛೀ’ ಎನ್ನುವವರು ಅದನ್ನು ನಾಲಿಗೆಗೆ ಮುಟ್ಟಿಸುವ ಮೊದಲೇ ಹಾಗೆನ್ನುತ್ತಾರೆ. ಅಪರಿಚಿತ ಆಹಾರದ ಬಗ್ಗೆ, ಅದರಲ್ಲೂ ಅಪರಿಚಿತ ಮಾಂಸದ ಬಗ್ಗೆ, ನಮ್ಮ ಅಸಹ್ಯ ಹುಟ್ಟುವುದು ರುಚಿಯಿಂದಲ್ಲ, ಆ ವಸ್ತುವಿನ ಬಗ್ಗೆ ನಾವು ಕಲಿತಿರುವುದರಿಂದ. ಇದಕ್ಕೆ ಪ್ರಯೋಗಗಳ ಆಧಾರ ಗಟ್ಟಿಯಾಗಿಯೇ ಇದೆ.

ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಈ ಕ್ಷೇತ್ರದ ದೊಡ್ಡ ಹೆಸರು. 1986ರಲ್ಲಿ ಪ್ರಕಟವಾದ ಅವರ ತಂಡದ ಪ್ರಯೋಗವೊಂದರಲ್ಲಿ, ಸತ್ತ ಜಿರಲೆಯೊಂದನ್ನು ಪೂರ್ತಿ ಕ್ರಿಮಿಶುದ್ಧಗೊಳಿಸಿ ಹಣ್ಣಿನ ರಸದಲ್ಲಿ ಒಮ್ಮೆ ಅದ್ದಿ ತೆಗೆದರು. ರೋಗಾಣು ಇಲ್ಲವೆಂದು ಗೊತ್ತಿದ್ದರೂ ಜನರಿಗೆ ಆ ರಸ ಬೇಡವಾಯಿತು. 2005ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಒಂದೇ ವಾಸನೆಯನ್ನು ಮೂಸಲು ಕೊಟ್ಟು, ಒಮ್ಮೆ ‘ಚೆಡ್ಡಾರ್ ಚೀಸ್’ ಎಂದೂ ಇನ್ನೊಮ್ಮೆ ‘ಮೈಬೆವರಿನ ನಾತ’ ಎಂದೂ ಹೆಸರು ತೋರಿಸಿದರು. ಚೀಸ್ ಎಂದಾಗ ಹಿತವೆನಿಸಿದ ವಾಸನೆ ಬೆವರು ಎಂದಾಗ ಹಿತವೆನಿಸಲಿಲ್ಲ. ಮಿದುಳಿನಲ್ಲಿ ವಾಸನೆಯ ಹಿತಾಹಿತವನ್ನು ತೂಗುವ ಭಾಗದ ಚಟುವಟಿಕೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಅಂದರೆ ಜನ ಬಾಯಿಮಾತಿಗೆ ಹಾಗೆ ಹೇಳಲಿಲ್ಲ, ಅವರಿಗೆ ನಿಜಕ್ಕೂ ಹಾಗೆಯೇ ಅನಿಸಿತ್ತು.

ಅಸಹ್ಯ ಪ್ರಕೃತಿ ಕೊಟ್ಟ ರಕ್ಷಣೆಯಲ್ಲವೇ, ಅದನ್ನು ಬರೀ ಕಲಿಕೆ ಎಂದು ತಳ್ಳಿಹಾಕಬಹುದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸಸ್ಯ, ಪ್ರಾಣಿ ಎರಡನ್ನೂ ತಿನ್ನಬಲ್ಲ ಜೀವಿಗೆ ಹೊಸದನ್ನು ಹುಡುಕುವ ಆಸೆಯೂ ಬೇಕು, ವಿಷದ ಭಯವೂ ಬೇಕು. ಹುಟ್ಟಿದ ಕೂಸಿಗೆ ಸಿಹಿ ಹಿತ, ಕಹಿ ಬೇಡ. ಅದು ಯಾರೂ ಕಲಿಸಿದ್ದಲ್ಲ. ಹೊಸ ತಿನಿಸಿಗೆ ಹಿಂಜರಿಯುವ ಗುಣದಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳೂ ತೋರಿಸಿವೆ. ಆದರೆ ಯಾವ ಯಾವ ವಸ್ತು ಹೇಸಿಗೆಯದ್ದು ಎಂಬ ಪಟ್ಟಿಯನ್ನು ಯಾರೂ ಹೊತ್ತುಕೊಂಡು ಹುಟ್ಟುವುದಿಲ್ಲ. ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಇರುವೆಯೂ ಅದರಲ್ಲಿ ಸೇರಿದೆ. ಮಾತಾಡುವ ಸಾಮರ್ಥ್ಯ ಹುಟ್ಟಿನಿಂದ ಬಂದರೂ ಕನ್ನಡ ಮನೆಯಿಂದಲೇ ಬರುವ ಹಾಗೆ, ಅಸಹ್ಯಪಡುವ ಶಕ್ತಿ ದೇಹದ್ದು, ಅದರ ಗುರಿ ಮನೆಯವರು ತೋರಿಸಿದ್ದು. ಇಲ್ಲವಾದರೆ ಸಿಗಡಿ, ಏಡಿ ಎಂದರೆ ಪ್ರಾಣ ಬಿಡುವ ಕರಾವಳಿಯವರಲ್ಲಿ ಹಲವರು ಮಿಡತೆಗೆ ಏಕೆ ಹೇಸಬೇಕು? ಜೀವವಿಕಾಸದ ಲೆಕ್ಕದಲ್ಲಿ ಕೀಟಗಳು ಸಿಗಡಿಯ ಹತ್ತಿರದ ಬಳಗ. ಇನ್ನು ನಾವೆಲ್ಲ ಇಷ್ಟಪಡುವ ಜೇನು, ಹುಳುವೊಂದು ಹೂವಿನ ರಸವನ್ನು ಹೊಟ್ಟೆಯ ಚೀಲದಲ್ಲಿ ತಂದು ಬಾಯಿಂದ ಬಾಯಿಗೆ ದಾಟಿಸಿ ಮಾಡಿದ ಪದಾರ್ಥ.

ಕಲಿತದ್ದಾದರೆ ಬದಲಾಗಲೂ ಬೇಕಲ್ಲ. ಈ ಬಗ್ಗೆ ನಡೆದ ಅತ್ಯಂತ ಸ್ವಾರಸ್ಯಕರ ಕೆಲಸ ಎರಡನೇ ಮಹಾಯುದ್ಧದ ಕಾಲದ್ದು. ಅಮೆರಿಕದಲ್ಲಿ ಮಾಂಸದ ಕೊರತೆ ಬಂದಾಗ, ದನದ ಹೃದಯ, ಮೂತ್ರಪಿಂಡ ಮುಂತಾದ ಒಳಭಾಗಗಳನ್ನು ಜನ ತಿನ್ನುವಂತೆ ಮಾಡುವುದು ಹೇಗೆಂದು ಅಲ್ಲಿನ ಸರ್ಕಾರ ಯೋಚಿಸಿತು. ಆಹಾರ ಪದ್ಧತಿಗಳ ಸಮಿತಿಯೊಂದು ರಚನೆಯಾಗಿ, ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅದರ ಕಾರ್ಯದರ್ಶಿಯಾದರು. ನಾಜಿಗಳ ಜರ್ಮನಿ ಬಿಟ್ಟು ಬಂದಿದ್ದ ಮನೋವಿಜ್ಞಾನಿ ಕರ್ಟ್ ಲೆವಿನ್ ಅಯೋವಾದಲ್ಲಿ ಗೃಹಿಣಿಯರ ಆರು ಗುಂಪುಗಳ ಮೇಲೆ ಪ್ರಯೋಗ ನಡೆಸಿದರು. ಮೂರು ಗುಂಪುಗಳಿಗೆ ಚೆಂದದ ಭಾಷಣ: ಪೌಷ್ಟಿಕಾಂಶ, ದೇಶಸೇವೆ, ಉಳಿತಾಯ, ಕೊನೆಗೆ ಅಡುಗೆ ವಿಧಾನದ ಹಾಳೆಗಳು. ಉಳಿದ ಮೂರು ಗುಂಪುಗಳಲ್ಲಿ ಭಾಷಣದ ಬದಲು ಮಾತುಕತೆ. ವಾಸನೆ ಬರುತ್ತದೆ, ಗಂಡ ಒಪ್ಪುವುದಿಲ್ಲ ಎಂಬ ತಕರಾರುಗಳನ್ನು ಹೆಂಗಸರೇ ಮುಂದಿಟ್ಟು, ತಾವೇ ಚರ್ಚಿಸಿ, ಕೊನೆಗೆ ಮಾಡಿ ನೋಡುತ್ತೇವೆ ಎನ್ನುವವರು ಕೈ ಎತ್ತಿದರು. ಆಮೇಲೆ ವಿಚಾರಿಸಿದಾಗ, ಅದುವರೆಗೆ ಮಾಡದ ಮಾಂಸವನ್ನು ಮನೆಯಲ್ಲಿ ಬಡಿಸಿದವರು ಭಾಷಣ ಕೇಳಿದವರಲ್ಲಿ ಶೇ. 3, ಚರ್ಚಿಸಿದವರಲ್ಲಿ ಶೇ. 32. ಕೆಲಸ ಮಾಡಿದ್ದು ಚರ್ಚೆಗಿಂತ ಹೆಚ್ಚಾಗಿ ‘ನಿರ್ಧಾರ ಮಾಡಿದೆವು, ಉಳಿದವರೂ ಒಪ್ಪಿದ್ದಾರೆ’ ಎಂಬ ಭಾವನೆ ಎಂದು ನಂತರದ ಸಂಶೋಧಕರು ತಿದ್ದಿದರು. ಆ ತಿದ್ದುಪಡಿ ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ: ಅಸಹ್ಯವನ್ನು ಕಲಿಸಿದ್ದು ಸುತ್ತಲಿನ ಜನ, ಸಡಿಲಿಸುವುದೂ ಸುತ್ತಲಿನ ಜನ. ಬೋಟಿ, ತಲೆಮಾಂಸಗಳನ್ನು ಹುಡುಕಿಕೊಂಡು ಮಿಲಿಟರಿ ಹೋಟೆಲಿಗೆ ಹೋಗುವವರಿಗೆ ಅಮೆರಿಕನ್ನರ ಈ ಪಾಡು ವಿಚಿತ್ರವೆನಿಸೀತು.

ಹಾಗಾದರೆ ಸಸ್ಯಾಹಾರಿಯ ನಿರಾಕರಣೆಯೂ ಬರೀ ಅಭ್ಯಾಸವೇ? ಅಲ್ಲ. ಪ್ರಾಣಿಹಿಂಸೆ ಬೇಡವೆಂದು ಮಾಂಸ ಬಿಟ್ಟವರಿಗೆ, ಆರೋಗ್ಯಕ್ಕೆಂದು ಬಿಟ್ಟವರಿಗಿಂತ, ಮಾಂಸ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆಂದು ರೋಜಿನ್ ತಂಡ 1997ರಲ್ಲಿ ತೋರಿಸಿತು. ಅಲ್ಲಿ ಅಸಹ್ಯ ನಿಲುವಿನ ಬೆನ್ನಿಗೆ ನಿಲ್ಲುತ್ತದೆ. ನಿಲುವಿಗೆ ಗೌರವ ಸಲ್ಲಬೇಕು. ಆದರೆ ತನಗಾಗುವ ಅಸಹ್ಯವನ್ನೇ ಪುರಾವೆಯಾಗಿಸಿ ಇನ್ನೊಬ್ಬರ ತಟ್ಟೆಯನ್ನು ಕೊಳಕು ಎನ್ನುವುದಕ್ಕೆ ವಿಜ್ಞಾನದಲ್ಲಿ ಎಡೆಯಿಲ್ಲ.

ಇದಕ್ಕೆ ವಿರುದ್ಧವಾದ ಅತಿರೇಕವೂ ಈಗ ಜೋರಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೀಟಾಹಾರದ ವರದಿ ಹೊರಡಿಸಿದಂದಿನಿಂದ, ಹುಳು ತಿಂದರೆ ಭೂಮಿ ಉಳಿಯುತ್ತದೆ ಎಂಬ ಪ್ರಚಾರ ನಿಂತಿಲ್ಲ. ಅಸಹ್ಯ ಕಲಿತದ್ದು ಎಂದ ಮಾತ್ರಕ್ಕೆ ಎಚ್ಚರಿಕೆ ಬೇಡವೆಂದಲ್ಲ. ಸಿಗಡಿ ಆಗದವರ ಮೈಯಲ್ಲಿ ಅಲರ್ಜಿ ಎಬ್ಬಿಸುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನನ್ನು ಹೋಲುವಂಥದ್ದು ಕೀಟಗಳಲ್ಲೂ ಇದೆ. ಇನ್ನೊಂದು ಎಚ್ಚರಿಕೆ ಇತಿಹಾಸದ್ದು: ಇನ್ನೊಬ್ಬರ ಆಹಾರವನ್ನು ತಂದುಕೊಳ್ಳುವಾಗ ಅದನ್ನು ಹದಮಾಡುವ ಬಗೆಯನ್ನೂ ಕಲಿತುಕೊಳ್ಳಬೇಕು. ಮೆಕ್ಸಿಕೋದ ಜನ ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿಟ್ಟು, ಆಮೇಲೆ ಅರೆಯುತ್ತಾರೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದಲ್ಲಿ ಬೇಯಿಸುವ ಪದ್ಧತಿಯನ್ನು ಬಿಟ್ಟರು. ಮೆಕ್ಕೆಜೋಳವನ್ನೇ ನಂಬಿದ ಬಡವರಲ್ಲಿ ಚರ್ಮ ಒಡೆದು, ಭೇದಿಯಾಗಿ, ಬುದ್ಧಿ ಕೆಡುವ ಪೆಲಾಗ್ರ ಕಾಣಿಸಿಕೊಂಡಿತು. ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಅದನ್ನು 1735ರಲ್ಲೇ ಗುರುತಿಸಿದರೂ, ಕೊರತೆಯಿದ್ದದ್ದು ನಿಯಾಸಿನ್ ಎಂಬ ವಿಟಮಿನ್ ಎಂದು ತಿಳಿಯಲು 1937 ಬರಬೇಕಾಯಿತು. ಕಾಳಿನಲ್ಲಿ ಬಿಗಿದುಕೊಂಡಿದ್ದ ನಿಯಾಸಿನ್ನನ್ನು ದೇಹಕ್ಕೆ ಸಿಗುವಂತೆ ಬಿಡಿಸುತ್ತಿದ್ದುದು ಆ ಸುಣ್ಣವೇ. ನಮ್ಮ ಕಳಲೆಯದೂ ಇಂಥದೇ ಸಂಗತಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಿಷಾಂಶವಿದೆ. ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿ, ಬೇಯಿಸಿ ಮಲೆನಾಡು, ಕೊಡಗಿನವರು ಅದನ್ನು ಕಳೆಯುತ್ತಾರೆ. ಪೇಟೆಯಲ್ಲಿ ಮೊದಲ ಬಾರಿ ಹಸಿ ಕಳಲೆ ಕೊಳ್ಳುವವರು ನೀರನ್ನು ಎಷ್ಟು ಸಲ ಬದಲಿಸಬೇಕೆಂದೂ ಮಾರುವವರನ್ನೇ ಕೇಳಿಕೊಂಡು ಬರಬೇಕು.